ಇಳಿತದ ಹೊತ್ತಿನ ಕಾರು ರಿಪೇರಿ

…ಅಥವಾ ಆ ಕಾರು ನಮ್ಮ ಅಂಗಳಕ್ಕೆ ಬಂದಾಗ ನೀಲಿಯಾಗಿರಲೇ ಇಲ್ಲವೇನೋ. ನನ್ನ ನೆನಪಿನಲ್ಲಂತೂ ಅದು ಮೊದಲ ದಿನದಿಂದಲೂ ನೀಲಿ. ಹೆಂಡತಿ, "ಬಿಳಿ ಇತ್ತು ಮಾರಾಯ್ರೆ, ಅದರ ಮೇಲಿಂದ ಕೋಳಿ ಹಿಕ್ಕೆ" ಎನ್ನುತ್ತಾಳೆ. ಅಮ್ಮನನ್ನು ಕೇಳಿದರೆ, "ಬಣ್ಣ ಎಲ್ಲಿತ್ತಾ? ಬರೀ ತುಕ್ಕು" ಎನ್ನುತ್ತಾಳೆ. ಮೂವರೂ ಒಂದೇ ಜಗಲಿಯಲ್ಲಿ ನಿಂತು, ಒಂದೇ ಕಾರನ್ನು, ಒಂದೇ ಹೊತ್ತಿಗೆ ನೋಡಿದವರು! ಎರಡು ವರ್ಷ ಇನ್ನೂ ತುಂಬಿಲ್ಲ, ಇಷ್ಟರಲ್ಲೇ ಅದು ಮೂರು ಕಾರುಗಳಾಗಿದೆ. ಆದ್ದರಿಂದ ಮುಂದೆ ನಾನು ಹೇಳುವುದನ್ನೆಲ್ಲ ದಯವಿಟ್ಟು ಸೋಸಿಕೊಂಡು ಕೇಳಿ.

ಒಂದು ಮಾತನ್ನು ಮಾತ್ರ ಮೂವರೂ ಒಪ್ಪುತ್ತೇವೆ. ನನ್ನ ಮಾವನ ಕೈಗೆ ಸಿಕ್ಕಿ ದುರಸ್ತಿಯಾಗದೆ ಹೋದ ವಸ್ತು ಭಟ್ಕಳದಿಂದ ಕುಮಟೆಯವರೆಗೆ ಹುಡುಕಿದರೂ ಸಿಗುವುದಿಲ್ಲ. ದುರಸ್ತಿಯಾದ ಮೇಲೆ ತನ್ನ ಹಳೆಯ ಕೆಲಸವನ್ನೇ ಮಾಡಿದ ವಸ್ತುವೂ ಸಿಗುವುದಿಲ್ಲ!

ಮಾವ ಎಂದರೆ ಅಮ್ಮನ ತಮ್ಮ. ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಕಡೆ ಅವನ ಮನೆ. ಮದುವೆಯಾಗಿಲ್ಲ. ಟೆಲಿಫೋನ್ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದವನು. ವಯಸ್ಸು ಅರವತ್ತೇಳೋ ಅರವತ್ತೊಂಬತ್ತೋ. ಹುಟ್ಟಿದ್ದು ಮೊದಲ ಮಳೆ ಬಿದ್ದ ದಿನ ಎಂಬುದು ಖಚಿತ. ಯಾವ ವರ್ಷದ ಮಳೆ ಎನ್ನುವುದರಲ್ಲಿ ಅವನ ಅಕ್ಕಂದಿರಿಬ್ಬರಿಗೂ ಒಮ್ಮತವಿಲ್ಲ. ಸಂಬಳ ಕೊಟ್ಟದ್ದು ಟೆಲಿಫೋನಾದರೂ ಅವನ ನಿಜವಾದ ಉದ್ಯೋಗ ಗಾಳ ಹಾಕುವುದು. ಬಲೆಯೆಂದರೆ ಅವನಿಗಾಗದು. "ಬಲೆ ಹಾಕೂದು ಅಂದ್ರೆ ಹೇಳದೆ ಕೇಳದೆ ಮತ್ತೊಬ್ಬರ ಮನೆಗೆ ನುಗ್ಗದಂಗೆ. ಗಾಳ ಹಾಂಗಲ್ಲ ತಮಾ. ಬೇಕಾದ್ರೆ ಬಾ, ಬೇಡಾದ್ರೆ ಬಿಡು ಅಂತ ಮರ್ಯಾದೀಲಿ ಕೇಳ್ತದೆ" ಎನ್ನುತ್ತಾನೆ. ಅಷ್ಟು ಮರ್ಯಾದೆಯಿಂದ ಕೇಳಿದ ಮೇಲೆ ಹೆಚ್ಚಿನ ಮೀನುಗಳು ಬೇಡವೆಂದೇ ಹೇಳುತ್ತವೆ; ಅದು ಬೇರೆ ವಿಷಯ.

ಮೀನು ಬಾರದ ಹೊತ್ತಿನಲ್ಲಿ ಅವನ ಕೈ ಸುಮ್ಮನಿರುವುದಿಲ್ಲ. ನಮ್ಮ ಮನೆಯ ಹಳೆಯ ವಾಷಿಂಗ್ ಮಷಿನ್ ಕೆಟ್ಟಾಗ ಅದರ ಮೋಟಾರನ್ನು ಬಿಚ್ಚಿ ಕಾಯಿ ಹೆರೆಯುವ ಯಂತ್ರ ಮಾಡಿದ. ಒಂದು ಕಾಯಿ ಹೆರೆಯಲು ಅದಕ್ಕೆ ನಾಲ್ಕು ಸೆಕೆಂಡು ಸಾಕಾಯಿತು. ಗೋಡೆಯಿಂದ, ದೇವರ ಪಟದಿಂದ, ನನ್ನ ಹೆಂಡತಿಯ ಕನ್ನಡಕದಿಂದ ತುರಿಯನ್ನು ಒಟ್ಟುಮಾಡಲು ಒಂದೂವರೆ ಗಂಟೆ ಹಿಡಿಯಿತು. ಮಾವ ಗೋಡೆಯ ಮೇಲಿನ ತುರಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡು, "ನುಣ್ಣಗೆ ಬಂದದೆ ನೋಡು!" ಎಂದ.

ಗಾಳದ ಕೋಲಿಗೆ ಸೈಕಲ್ ಬೆಲ್ ಕಟ್ಟಿದ್ದೂ ಅವನೇ. ಮೀನು ಕಚ್ಚಿದರೆ ಬೆಲ್ ಬಾರಿಸಬೇಕು, ಮಾವ ಎಚ್ಚರವಾಗಬೇಕು. ಒಂದು ಮಧ್ಯಾಹ್ನ ಹೊಳೆಯ ದಂಡೆಯ ಮೇಲೆ ತೂಕಡಿಸುತ್ತಿದ್ದಾಗ ಬೆಲ್ ಬಾರಿಸಿತು. ಕಣ್ಣುಮುಚ್ಚಿಕೊಂಡೇ ಕೋಲನ್ನು ಹಿಂದಕ್ಕೆ ಬೀಸಿ ಎಳೆದ. ಬಾರಿಸಿದ್ದು ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದ ಮೀನು ಮಾರುವವನ ಸೈಕಲ್ಲಿನ ಬೆಲ್. ಗಾಳ ಹೋಗಿ ಸಿಕ್ಕಿಕೊಂಡದ್ದು ಅವನ ಬುಟ್ಟಿಗೆ. ಶರಾವತಿಯ ದಂಡೆಯಲ್ಲಿ ಐಸ್ ಹಾಕಿದ ತಾರ್ಲೆ ಮೀನನ್ನು ಗಾಳದಿಂದ ಹಿಡಿದವನು ಈ ಲೋಕದಲ್ಲಿ ನನ್ನ ಮಾವ ಒಬ್ಬನೇ! ಇದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಹೇಳಿದವನು ಮಾವನೇ. ಪ್ರತಿ ಸಲ ಹೇಳುವಾಗಲೂ ಆ ತಾರ್ಲೆ ಒಂದಿಂಚು ಉದ್ದವಾಗುತ್ತದೆ.

ಇಂಥವನ ಕೈಗೆ ಅಂಬಾಸಿಡರ್ ಕಾರೊಂದು ಏಕೆ ಸಿಕ್ಕಿತು ಎಂದು ಹೇಳಬೇಕಾದರೆ ಅಮ್ಮ ಬಿದ್ದ ಸಂಗತಿಯಿಂದ ಶುರುಮಾಡಬೇಕು.

ಅಮ್ಮ ನಮ್ಮ ಜೊತೆ ಶಿರಾಲಿಯಲ್ಲಿದ್ದಾಳೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು. ಒಳಗೊಂದು ರಾಡು ಕೂತಿತು. ಡಾಕ್ಟರು ಎರಡು ಮಾತು ಹೇಳಿದರು: ತಗ್ಗಿನ ಆಸನದಲ್ಲಿ ಕೂರಬೇಡಿ, ದಿನವೂ ನಡೆಯಿರಿ. ಮೊದಲನೆಯದನ್ನು ಅಮ್ಮ ಶ್ರದ್ಧೆಯಿಂದ ಪಾಲಿಸಿದಳು, ಎತ್ತರದ ಮರದ ಕುರ್ಚಿಯೊಂದರಿಂದ ಏಳಲೇ ಇಲ್ಲ. ನಡೆಯಲೆಂದು ವಾಕರ್ ತಂದುಕೊಟ್ಟರೆ ಅದನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಈ ವಯಸ್ಸಲ್ಲಿ ನಾಲ್ಕು ಕಾಲಿನ ಪ್ರಾಣಿ ಆಗೂಕೆ ನಂಗೆ ಮನಸಿಲ್ಲ" ಎಂದಳು. ವಾಕರಿನ ಮೇಲೆ ಟವೆಲುಗಳು ಒಣಗತೊಡಗಿದವು.

ಅವಳ ಸಂಕಟ ಸೊಂಟದ್ದಲ್ಲ. ಕುಮಟೆಯ ಹತ್ತಿರದ ಹಳ್ಳಿಯಲ್ಲಿ ಅವಳ ಅಕ್ಕ, ನನ್ನ ದೊಡ್ಡಮ್ಮ ಇದ್ದಾಳೆ. ಹುಡುಗಿಯರಾಗಿದ್ದಾಗಿನಿಂದ ನಟ್ಟಿ ಗದ್ದೆಯಲ್ಲಿ, ಮಳೆಗೆ ಎಲೆಯ ಗೊರಬು ಹೊತ್ತು ಹಾಡುವ ಅಕ್ಕತಂಗಿಯರ ಜೋಡಿ ಹಾಡು ಎಂದರೆ ಹೆಸರುವಾಸಿ. ಆ ಹಾಡುಗಳನ್ನು ಒಬ್ಬರೇ ಹಾಡಲು ಬರುವುದಿಲ್ಲ. ಒಬ್ಬಳು ಕೇಳಬೇಕು, ಮತ್ತೊಬ್ಬಳು ಉತ್ತರ ಹೇಳಬೇಕು. ಅಮ್ಮ ಕೇಳುವವಳು, ದೊಡ್ಡಮ್ಮ ಹೇಳುವವಳು. ಅವಳ ಸಾಲು ಇವಳು ಕಲಿಯಲಿಲ್ಲ, ಇವಳ ಸಾಲು ಅವಳು ಕಲಿಯಲಿಲ್ಲ. ಕಲಿಯುವ ಅಗತ್ಯವಾದರೂ ಏನಿತ್ತು? ವರ್ಷಕ್ಕೆ ನಾಲ್ಕು ಸಲ ಅಮ್ಮ ಬಸ್ಸು ಹತ್ತಿ ಹೋಗಿ ಎದುರು ಕೂತು ಹಾಡಿ ಬರುತ್ತಿದ್ದಳು.

ಬಿದ್ದ ಮೇಲೆ ಫೋನಿನಲ್ಲಿ ಹಾಡಿಸಲು ನೋಡಿದೆವು. ನಮ್ಮ ಕಡೆಯ ನೆಟ್‌ವರ್ಕ್ ನಿಮಗೆ ಗೊತ್ತಲ್ಲ! ಅಮ್ಮನ ಪ್ರಶ್ನೆ ಕುಮಟೆ ಮುಟ್ಟಿ, ಅಲ್ಲಿಂದ ಉತ್ತರ ಶಿರಾಲಿಗೆ ಬರುವಷ್ಟರಲ್ಲಿ ಅಮ್ಮ ಮುಂದಿನ ಪ್ರಶ್ನೆಯ ನಡುವಿನಲ್ಲಿರುತ್ತಿದ್ದಳು. ಮದುಮಗಳು ಉಟ್ಟ ಸೀರೆ ಯಾವುದು ಎಂದು ಕೇಳಿದರೆ ಎರಡು ಜೋಡಿ ಎತ್ತು ಎಂಬ ಉತ್ತರ ಬರುತ್ತಿತ್ತು. ಮೊದಮೊದಲು ಇಬ್ಬರೂ ನಕ್ಕರು. ಆಮೇಲೆ ಒಂದು ದಿನ ದೊಡ್ಡಮ್ಮನ ಸೊಸೆ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದಳು: "ಸಣ್ಣತ್ತೇ, ನೆಟ್‌ವರ್ಕಿಂದು ಅಲ್ಲ. ಅತ್ತೆಗೆ ಮರೆವು ಬಂದದೆ. ದಿನಕ್ಕೊಂದು ಹಾಡು ಹೋಗ್ತಾ ಅದೆ."

ಅಮ್ಮ ಫೋನು ಕೆಳಗಿಟ್ಟಳು. ಆಮೇಲೆ ನನ್ನನ್ನು ಕರೆದು, "ಅವಳು ಪೂರ್ತಿ ಮರೆಯೂದ್ರೊಳಗೆ ಒಂದ್ಸಲ ಎದುರು ಕೂತು ಹಾಡ್ಬೇಕಾ. ಇಲ್ದಿದ್ರೆ ನನ್ ಬಾಯಲ್ಲಿ ಬರೀ ಪ್ರಶ್ನೆ ಉಳೀತದೆ" ಎಂದಳು.

ಕರೆದುಕೊಂಡು ಹೋಗುವುದೇನು ದೊಡ್ಡ ಕೆಲಸ ಎಂದುಕೊಂಡೆ. ಪಕ್ಕದ ಮನೆಯವರ ಹೊಸ ಕಾರು ಕೇಳಿ ತಂದೆ. ಅಮ್ಮನನ್ನು ಅದರಲ್ಲಿ ಕೂರಿಸಿದ್ದೇನೋ ಆಯಿತು. ನೆಲಕ್ಕೆ ಅಂಟಿದಂಥ ಸೀಟು, ಅವಳು ಸೊಂಟ ಹಿಡಿದು ಕೂಗಿದಳು. ಇಳಿಸೋಣವೆಂದರೆ ಇಳಿಸಲಾಗದು! ನಾನು ಎಳೆದೆ, ಹೆಂಡತಿ ಹಿಂದಿನಿಂದ ನೂಕಿದಳು, ಪಕ್ಕದ ಮನೆಯವರು ಸಲಹೆ ಕೊಟ್ಟರು. ಅವರಿಗೆ ಅರ್ಧ ಗಂಟೆಯೊಳಗೆ ಭಟ್ಕಳದಲ್ಲಿ ಮದುವೆಯೂಟಕ್ಕೆ ಹೋಗಬೇಕಿತ್ತು. ಅಮ್ಮನ ಸಮೇತವೇ ಹೋಗಬೇಕಾದೀತೆಂದು ಅವರ ಮುಖ ಬಾಡುತ್ತಿದ್ದುದು ನನಗೀಗಲೂ ಕಾಣುತ್ತಿದೆ. ಎತ್ತರದ ಜೀಪಿನಂಥ ಗಾಡಿಗೆ ಕಾಲೆತ್ತಲಾಗದು. ಆಟೋದಲ್ಲಿ ಕುಲುಕಾಟ. ಕೊನೆಗೆ ನಾನು ಅಂಬ್ಯುಲೆನ್ಸಿನ ಮಾತೆತ್ತಿದೆ.

"ಅದ್ರಲ್ಲಿ ಒಂದೇ ಸಲ ಹೋಗ್ತೆ" ಎಂದಳು ಅಮ್ಮ. "ಆಗ ನೀವೇ ಎತ್ತಿ ಹಾಕ್ತ್ರಿ. ನಾ ಹತ್ತೂದೇನ್ ಬೇಡ."

ಈ ಹೊತ್ತಿಗೆ ಮಾವ ಬಂದ. ಕೈಯಲ್ಲಿ ಗಾಳದ ಕೋಲು, ಚೀಲದಲ್ಲಿ ಶೆಟ್ಲಿ, ಅಂದರೆ ಸಿಗಡಿ. ಶೆಟ್ಲಿಯನ್ನು ನನ್ನ ಹೆಂಡತಿ ಸಾರಿಗೆಂದು ತಿಳಿದು ಖುಷಿಯಾದಳು. ಅದು ಗಾಳಕ್ಕೆ ಚುಚ್ಚಲು ತಂದದ್ದು. ಅಕ್ಕನ ಕಥೆಯನ್ನೆಲ್ಲ ಕೇಳಿದ. ಕೋಲನ್ನು ಅಕ್ಕನ ಕುರ್ಚಿಯ ಪಕ್ಕ ನಿಲ್ಲಿಸಿ, ಆಸನದ ಎತ್ತರಕ್ಕೆ ಸರಿಯಾಗಿ ಒಂದು ಕೆಂಪು ನೂಲು ಕಟ್ಟಿದ. "ಇಷ್ಟೆತ್ತರದ ಸೀಟಿನ ಕಾರು ಹುಡುಕಿದ್ರೆ ಆತು" ಎಂದು ಹೊರಟ.

ಮುಂದಿನ ಒಂದು ವಾರ ಅವನು ಶಿರಾಲಿಯಿಂದ ಭಟ್ಕಳದವರೆಗೆ ನಿಂತ ಕಾರುಗಳ ಬಾಗಿಲು ತೆಗೆಸಿ ಗಾಳದ ಕೋಲಿನಲ್ಲಿ ಸೀಟು ಅಳೆದ. ಯಾವುದೋ ಇಲಾಖೆಯವನಿರಬೇಕೆಂದು ಕೆಲವರು ಕೈಮುಗಿದರಂತೆ. ಕೊನೆಗೆ ಭಟ್ಕಳದ ಹತ್ತಿರದ ಜಾಲಿ ಎಂಬ ಊರಲ್ಲಿ ಒಬ್ಬ ಸಾಹೇಬರ ಹಿತ್ತಿಲಲ್ಲಿ ನೂಲಿಗೆ ಸರಿಯಾದ ಸೀಟು ಸಿಕ್ಕಿತು. ಅವರ ತಂದೆಯ ಕಾಲದ ಅಂಬಾಸಿಡರ್. ಚಕ್ರ ಮಣ್ಣಿನಲ್ಲಿ ಹೂತಿತ್ತು. ಒಳಗೆ ಕೋಳಿಗಳು ಸಂಸಾರ ಹೂಡಿದ್ದವು.

"ಅರೆ ಭಾಯಿ, ಯಾರಿಗೆ ಬೇಕು ಇದು?" ಎಂದರಂತೆ ಸಾಹೇಬರು.

"ನಮ್ಮಕ್ಕಂಗೆ. ಅವಳಕ್ಕನ ಮನೆಗೆ ಹೋಗೂಕೆ."

ಸಾಹೇಬರು ಪೂರ್ತಿ ಕಥೆ ಕೇಳಿಸಿಕೊಂಡರು, ಚಹಾ ಕೊಟ್ಟರು. "ನಂದೇನಿಲ್ಲ, ತಗೊಂಡ್ಹೋಗಿ. ಕೋಳಿಗಳಿಗೆ ಮಾತ್ರ ಒಂದು ಮಾತು ಕೇಳಿಬಿಡಿ" ಎಂದರು. ಎಲ್ಲ ಕೋಳಿಗಳೂ ಒಪ್ಪಿ ಇಳಿದವು, ಒಂದು ಕಪ್ಪು ಹೇಂಟೆಯ ಹೊರತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಕಾರು ಶಿರಾಲಿಗೆ ಬಂದಾಗ ಮುಂದೆ ಸ್ಟಿಯರಿಂಗ್ ಹಿಡಿದು ಮಾವ ಕೂತಿದ್ದ. ಹಿಂದಿನ ಸೀಟಿನಲ್ಲಿ, ಯಜಮಾನಿಯ ಹಾಗೆ, ಹೇಂಟೆ ಕೂತಿತ್ತು. ಆ ಸಾಹೇಬರನ್ನು ನಾನು ನೋಡಿಯೇ ಇಲ್ಲ. ನಮ್ಮ ಮನೆಯವರಲ್ಲದ ಒಬ್ಬರು ನಮ್ಮ ಅಮ್ಮನ ಹಾಡಿಗಾಗಿ ತಂದೆಯ ಕಾರು ಬಿಟ್ಟುಕೊಟ್ಟರು ಎಂಬುದನ್ನು ನೆನೆದಾಗಲೆಲ್ಲ ಹೋಗಿ ಕಂಡು ಬರಬೇಕು ಅನ್ನಿಸುತ್ತದೆ. ಇನ್ನೂ ಹೋಗಿಲ್ಲ. ಸದ್ಯಕ್ಕೆ ಇಲ್ಲಿ ಬರೆದದ್ದಾದರೂ ಆಗಲಿ.

ಕಾರನ್ನು ಜಗಲಿಗೆ ತಾಗಿಸಿಯೇ ನಿಲ್ಲಿಸಿದರು. ಮಾವ ಬಟ್ಟೆಬರೆ ತಂದು ನಮ್ಮಲ್ಲೇ ಉಳಿದ. ಮಳೆಗಾಲ ಆಗತಾನೇ ಮುಗಿದಿತ್ತು. ದೊಡ್ಡಮ್ಮನ ಮನೆಗೆ ರಸ್ತೆಯಿಂದ ಗದ್ದೆಯ ಅಂಚಿನ ಮೇಲೆ ನಡೆದೇ ಹೋಗಬೇಕು. ಮುಂದಿನ ಮಳೆ ಹಿಡಿದರೆ ಆ ಹಾದಿ ಕೆಸರು. ಅಂದರೆ ಕೈಯಲ್ಲಿದ್ದದ್ದು ಎಂಟು ತಿಂಗಳು. ಎಂಟು ತಿಂಗಳಲ್ಲಿ ಒಂದು ಕಾರನ್ನು ಹೊಸದಾಗಿ ಹುಟ್ಟಿಸಬಹುದು ಎಂದು ನೀವೆನ್ನಬಹುದು. ನೀವು ನನ್ನ ಮಾವನನ್ನು ಕಂಡಿಲ್ಲ!

ಮಾವ ಕೆಲಸ ಮಾಡುವುದು ಇಳಿತದ ಹೊತ್ತಿನಲ್ಲಿ ಮಾತ್ರ. ನಮ್ಮೂರ ಹೊಳೆಗೆ ಭರತಿ ಏರತೊಡಗಿತೆಂದರೆ ಮೀನು ಒಳಗೆ ಬರುವ ಹೊತ್ತು. ಆಗ ಸ್ಪ್ಯಾನರು ಬಿದ್ದಲ್ಲೇ ಬೀಳಬೇಕು, ಬಿಚ್ಚಿದ ನಟ್ಟು ಬಿಚ್ಚಿದಂತೆಯೇ ಇರಬೇಕು, ಅವನು ಕೋಲು ಹಿಡಿದು ಹೊಳೆಗೆ ಓಡಬೇಕು. ಭರತಿಯ ಹೊತ್ತು ದಿನದಿನಕ್ಕೂ ಜಾರುತ್ತ ಹೋಗುವುದರಿಂದ ನಮ್ಮ ಮನೆಯ ಗ್ಯಾರೇಜು ಇಂದು ಬೆಳಿಗ್ಗೆ ತೆರೆದರೆ ಮುಂದಿನ ವಾರ ಸಂಜೆ ತೆರೆಯುತ್ತಿತ್ತು. ಒಮ್ಮೆ ಭಟ್ಕಳದಿಂದ ವೆಲ್ಡಿಂಗಿನವನನ್ನು ಕರೆಸಿದ್ದೆ. ಅವನು ಬಂದಾಗ ಮಾವ ಕಾರಿನ ಅಡಿಯಿಂದ ಹೊರಗೆ ತೆವಳಿ ಬಂದು, "ಈಗ ಏರ್ತಾ ಅದೆ, ಇಳಿದ ಮೇಲೆ ಬಾ" ಎಂದುಬಿಟ್ಟ. ಅವನು ಕಾರಿನ ಜಾಕ್ ಏರುತ್ತಿದೆ ಎಂದುಕೊಂಡು ಮೂರು ಗಂಟೆ ಕಾದ.

ರಿಪೇರಿಯ ರೀತಿಯೂ ಗಾಳದವನದೇ. ಹರಿದ ಸೀಟುಗಳನ್ನು ಗಾಳದ ದಾರದಲ್ಲಿ ಹೊಲಿದ. "ಹನ್ನೆರಡು ಕಿಲೋ ತಡೀತದೆ" ಎಂದು ಅಮ್ಮನನ್ನು ಕೂರಿಸಿದ. ಅಮ್ಮ ಐವತ್ತೆಂಟು ಕಿಲೋ. ತುಕ್ಕು ತಿಂದ ತಳಕ್ಕೆ ದೋಣಿಗೆ ಹಚ್ಚುವ ಫೈಬರ್ ಹಚ್ಚಿದ. ದೋಣಿಯವರಲ್ಲಿ ಉಳಿದಿದ್ದ ನೀಲಿ ಬಣ್ಣ ತಂದು ಬಳಿದ. ಬಳಿದ ಮೇಲೆ, ದೋಣಿಯ ಮೂತಿಗೆ ಬರೆಯುವ ಹಾಗೆ, ಮುಂದಿನ ಎರಡೂ ಕಡೆ ಒಂದೊಂದು ಕಣ್ಣು ಬರೆಯಲು ಹೊರಟವನನ್ನು ನನ್ನ ಹೆಂಡತಿ ತಡೆದಳು. ಹಾರ್ನನ್ನು ಮಾತ್ರ ತಡೆಯಲಾಗಲಿಲ್ಲ. ಅದು ಬೋಟಿನದು. ಒತ್ತಿದರೆ ಶಿರಾಲಿ ಪೇಟೆಯಲ್ಲಿ ಮೀನು ಬಂತೆಂದು ಜನ ಚೀಲ ಹಿಡಿದು ಹೊರಡುತ್ತಿದ್ದರು.

ಎರಡು ದಿನಕ್ಕೊಮ್ಮೆ ಅಮ್ಮ ಸೀಟಿನಲ್ಲಿ ಕೂತು ನೋಡಬೇಕೆಂಬುದು ಅವನ ನಿಯಮ. "ಅಕ್ಕಾ, ಬಾ ಸ್ವಲ್ಪ, ಸರಿ ಆತನಾ ನೋಡು." ಜಗಲಿಯ ಕುರ್ಚಿಯಿಂದ ಕಾರಿಗೆ ಆರು ಹೆಜ್ಜೆ. ಬೈಯಬೇಕಾದರೆ ಬೈಯಬೇಕಾದ ವಸ್ತುವಿನ ಹತ್ತಿರ ಹೋಗಬೇಕಲ್ಲ? ಅಮ್ಮ ವಾಕರಿನ ಮೇಲಿನ ಟವೆಲನ್ನು ಎಸೆದು ಎದ್ದಳು.

"ಏ ಹುಡ್ಗಾ, ಇದು ಸೀಟನಾ ಹಲಸಿನ ಹಣ್ಣನಾ? ಚುಚ್ತದೆ!"

"ಎಲ್ ಚುಚ್ತದೆ ಹೇಳು ಮಾರಾಯ್ತಿ, ನಾಳೆ ತೆಗೀತೆ."

"ನಾಳೆ ನಾ ಬತ್ನಿಲ್ಲ."

ನಾಳೆ ಬಂದಾಗ ಅವಳೇ ಮೊದಲು ಎದ್ದು ಹೊರಟಳು. ಚುಚ್ಚುವುದನ್ನು ತೆಗೆದಿದ್ದಾನೋ ಇಲ್ಲವೋ ನೋಡಬೇಕಿತ್ತಲ್ಲ!

ಒಂದು ತಿಂಗಳಾದ ಮೇಲೆ ಕಾರು ಜಗಲಿಯ ಹತ್ತಿರ ಇರಲಿಲ್ಲ. ಮಾವ ಅದನ್ನು ಹತ್ತು ಮಾರು ಆಚೆ ನೂಕಿಸಿದ್ದ. ಕೇಳಿದರೆ, ಮೇಲಿಂದ ತೆಂಗಿನಕಾಯಿ ಬೀಳುತ್ತದೆ ಎಂದ. ಮತ್ತೊಂದು ತಿಂಗಳಿಗೆ ಬಾವಿಯ ಹತ್ತಿರ ಹೋಯಿತು. ನೀರು ಹಾಕಲು ಅನುಕೂಲ ಎಂದ. ಆಮೇಲೆ ಬೇಲಿಯ ಕಡೆಗೆ. ಹೇಂಟೆಗೆ ಬಿಸಿಲು ಬೇಕು ಎಂದ! ಬೇಸಿಗೆಯ ಹೊತ್ತಿಗೆ ಕಾರು ಗೇಟಿನ ಬಾಯಲ್ಲಿತ್ತು. ಹೆಂಡತಿಯೇ ಮೊದಲು ನೋಡಿ ನನ್ನನ್ನು ತಿವಿದಳು: "ಅಲ್ಲ ಮಾರಾಯ್ರೆ, ಅತ್ತೆ ಈಗ ಎಷ್ಟು ದೂರ ನಡೀತಾ ಇದ್ದಾರೆ ಲೆಕ್ಕ ಹಾಕಿದ್ರಾ?" ತಪಾಸಣೆಗೆ ಬಂದ ಡಾಕ್ಟರು ಕಾಲು ಒತ್ತಿ ನೋಡಿ, "ಫಿಸಿಯೋಥೆರಪಿ ಯಾರ ಹತ್ರ ಮಾಡಿಸ್ತೀರಿ?" ಎಂದರು. "ಅಂಬಾಸಿಡರ್ ಹತ್ರ" ಎಂದಳು ಅಮ್ಮ.

ಬುದ್ಧಿಪೂರ್ವಕವಾಗಿ ಮಾಡಿದೆಯಾ ಎಂದು ಮಾವನನ್ನು ಕೇಳಿದೆ. ಅವನು ಕಾರ್ಬೊರೇಟರಿಗೆ ಊದುತ್ತಿದ್ದ. "ಕಾಯಿ ಬೀಳ್ತಿತ್ತು ತಮಾ" ಎಂದ.

ಇಷ್ಟಾದರೂ ಕಾರು ಓಡುತ್ತಿರಲಿಲ್ಲ. ಒಂದು ಸಂಜೆ ಅಮ್ಮ ಕುಮಟೆಗೆ ಫೋನು ಮಾಡಿದಳು. ಸೊಸೆ ಫೋನನ್ನು ದೊಡ್ಡಮ್ಮನ ಕಿವಿಗೆ ಹಿಡಿದಳು. ಅಮ್ಮ, "ಅಕ್ಕಾ, ನಾನು" ಎಂದಳು. ಆಚೆಯಿಂದ ದೊಡ್ಡಮ್ಮನ ದನಿ ನನಗೂ ಕೇಳಿಸಿತು: "ಯಾರು?" ಅಮ್ಮ ಹೆಸರು ಹೇಳಿದಳು. "ಯಾರು?" ಮೂರನೆಯ ಸಲ ಹೇಳುವ ಬದಲು ಅಮ್ಮ ಫೋನು ನನ್ನ ಕೈಗಿಟ್ಟಳು. ಮರುದಿನ "ಅಕ್ಕಾ, ಬಾ ಸ್ವಲ್ಪ" ಎಂದು ಮಾವ ಕರೆದಾಗ ಏಳಲೂ ಇಲ್ಲ.

ನನಗೆ ತಡೆಯಲಾಗಲಿಲ್ಲ. ಹೊಳೆಗೆ ಹೊರಟವನನ್ನು ಗೇಟಿನಲ್ಲಿ ಅಡ್ಡಗಟ್ಟಿ, "ಮಾವಾ, ನಿನ್ನ ಭರತಿ ಇಳಿತ ಮುಗಿಯುವಷ್ಟರಲ್ಲಿ ದೊಡ್ಡಮ್ಮ ಎಲ್ಲ ಮರೆತಿರ್ತಾಳೆ. ಆಮೇಲೆ ನಿನ್ನ ಕಾರಲ್ಲಿ ಹೇಂಟೆಯನ್ನು ಕೂರಿಸಿಕೊಂಡು ತಿರುಗು" ಎಂದೆ. ಇನ್ನೂ ಏನೇನೋ ಅಂದಿರಬೇಕು. ಅಂದದ್ದೆಲ್ಲ ನೆನಪಿಲ್ಲ ಎಂದು ಬರೆದರೆ ನನಗೇ ನಂಬಿಕೆ ಬರುವುದಿಲ್ಲ. ನೆನಪಿದೆ, ಬರೆಯಲು ನಾಚಿಕೆ. ಮಾವ ಹೊಳೆಯ ಕಡೆ ಹೋದ. ಹತ್ತೇ ನಿಮಿಷದಲ್ಲಿ ತಿರುಗಿ ಬಂದ. ಕೋಲನ್ನು ಜಗಲಿಯ ಮಾಡಿಗೆ ಸಿಕ್ಕಿಸಿ ಕಾರಿನ ಅಡಿಗೆ ಹೋದ. ಅವತ್ತು ಭರತಿ ಏರಿತು, ಇಳಿಯಿತು, ಮತ್ತೆ ಏರಿತು. ಕಾರಿನ ಅಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಹೀಗೇ ಒಂಬತ್ತು ದಿನ.

ಹತ್ತನೆಯ ದಿನ ಇಂಜಿನ್ನು ಕೆಮ್ಮಿ ಎದ್ದಿತು! ಅಮ್ಮ ವಾಕರನ್ನೂ ಮರೆತು ಎರಡು ಹೆಜ್ಜೆ ಇಟ್ಟಳು. ಹೆದ್ದಾರಿಯವರೆಗೆ ಹೋಗಿ ಬರೋಣವೆಂದು ನಾನೂ ಮಾವನೂ ಹೊರಟೆವು. ಹೆದ್ದಾರಿ ಮುಟ್ಟಿದ್ದು ನಿಜ. ತಿರುಗಿ ಬಂದದ್ದು ನೂಕಿಕೊಂಡು. ಮುಂಭಾಗದಿಂದ ಉಗಿ ಏಳುತ್ತಿತ್ತು. ರೇಡಿಯೇಟರು ಸೋರುತ್ತಿತ್ತು, ಒಳಗೆಲ್ಲ ಬೆಳ್ಳಗೆ ಹೆಪ್ಪು. ಅಮ್ಮ ಬೆರಳದ್ದಿ ನಾಲಿಗೆಗೆ ಹಚ್ಚಿದಳು. "ಯಾವ ನೀರು ಹಾಕ್ದೆ?"

"ಬಾವೀದು."

"ಯಾವ ತಿಂಗಳಿಂದ?"

ಮಾವ ಹಣೆ ಚಚ್ಚಿಕೊಂಡ. ನಮ್ಮ ಕಡೆ ಬೇಸಿಗೆಯಲ್ಲಿ ಬಾವಿಗೆ ಸಮುದ್ರ ಬರುತ್ತದೆ, ನೀರು ಉಪ್ಪಾಗುತ್ತದೆ. ಕುಡಿಯಲು ನಲ್ಲಿಯದು, ಉಳಿದದ್ದಕ್ಕೆಲ್ಲ ಬಾವಿಯದು ಎಂಬ ರೂಢಿ ಎಷ್ಟು ಹಳೆಯದೆಂದರೆ ಅದನ್ನು ಯಾರೂ ಯೋಚಿಸುವುದೇ ಇಲ್ಲ. ಕಾರು ಕುಡಿಯುತ್ತದೆ ಎಂಬುದು ಮಾವನಿಗೆ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಉಪ್ಪುನೀರಿನ ದಂಡೆಯಲ್ಲಿ ಬದುಕಿದ ಮನುಷ್ಯ, ಪಾಪ, ಉಪ್ಪುನೀರನ್ನೇ ಮರೆತಿದ್ದ!

"ಆ ನೀರಲ್ಲಿ ಬೇಳೆನೂ ಬೇಯೂದಿಲ್ಲ" ಎಂದಳು ಅಮ್ಮ. ಆದರೆ ಬೈಯಲಿಲ್ಲ. ಅವನ ಎರಡೂ ಅಂಗೈ ಸುಲಿದಿದ್ದವು. ಅವಳು ಅದನ್ನು ನೋಡುತ್ತಿದ್ದಳು. ಒಳಗಿನಿಂದ ಕೊಬ್ಬರಿ ಎಣ್ಣೆ ತರಿಸಿ ತಾನೇ ಹಚ್ಚಿದಳು.

ಪಶ್ಚಿಮದಲ್ಲಿ ಮೋಡ ಕಟ್ಟತೊಡಗಿತ್ತು. ಹೊಸ ರೇಡಿಯೇಟರು ಹುಡುಕುತ್ತ ಕೂರಲು ಸಮಯವಿಲ್ಲ. ಮಾವ ಡಿಕ್ಕಿಗೆ ಕೈಹಾಕಿ, ಕಪ್ಪು ಹೇಂಟೆ ಅಂದು ಬೆಳಿಗ್ಗೆಯಷ್ಟೇ ಇಟ್ಟಿದ್ದ ಮೊಟ್ಟೆ ತೆಗೆದ. ಅಡುಗೆಮನೆಯಿಂದ ಇನ್ನೊಂದು ತಂದ. ಎರಡರ ಬಿಳಿಯನ್ನೂ ನಲ್ಲಿ ನೀರಿನ ಜೊತೆ ರೇಡಿಯೇಟರಿಗೆ ಸುರಿದ. ಹಳೇ ಲಾರಿ ಡ್ರೈವರುಗಳ ವಿದ್ಯೆಯಂತೆ. ಬಿಸಿಗೆ ಮೊಟ್ಟೆ ಗಟ್ಟಿಯಾಗಿ ತೂತು ಮುಚ್ಚುತ್ತದಂತೆ. ನಂಬಬೇಡಿ ಎಂದು ಹೇಳುತ್ತಿದ್ದೆ. ಆದರೆ ತೂತು ಮುಚ್ಚಿತು!

ಮರುದಿನ ಬೆಳಿಗ್ಗೆ ಹೊರಟೆವು. ಮುಂದೆ ಮಾವ ಮತ್ತು ನಾನು, ಹಿಂದೆ ಅಮ್ಮ ಮತ್ತು ಹೆಂಡತಿ. ಅಮ್ಮ ಸೀಟಿಗೆ ಬೆನ್ನು ಮಾಡಿ ನಿಂತು, ಕುರ್ಚಿಯಲ್ಲಿ ಕೂರುವಂತೆ ಕೂತು, ಕಾಲೆತ್ತಿ ಒಳಗಿಟ್ಟುಕೊಂಡಳು. ಯಾರೂ ಎಳೆಯಲಿಲ್ಲ, ನೂಕಲಿಲ್ಲ. ಮಾವ ಗಂಟೆಗೆ ಮೂವತ್ತು ಕಿಲೋಮೀಟರಿನ ಮೇಲೆ ಹೋಗಲಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ನಮ್ಮನ್ನು ಹಿಂದಿಕ್ಕದ ವಾಹನವಿಲ್ಲ. ಒಂದು ಹಾಲಿನ ಮೊಪೆಡ್ಡಿನವನು ಪಕ್ಕದಲ್ಲೇ ಬಂದು ಕಾರಿನ ವಯಸ್ಸು ಕೇಳಿ, ಚಾಲಕನ ವಯಸ್ಸು ಕೇಳಿ, ಎರಡನ್ನೂ ಕೂಡಿಸಿ ತಲೆಯಾಡಿಸುತ್ತ ಮುಂದೆ ಹೋದ. ಮಂಕಿ ಊರು ದಾಟುವಾಗ ಕಾರಿನ ತುಂಬ ಆಮ್ಲೆಟ್ಟಿನ ಪರಿಮಳ. "ಹಸಿವಾಗ್ತದೆ" ಎಂದಳು ಅಮ್ಮ. ಶರಾವತಿ ಸೇತುವೆಯ ಮೇಲೆ ಬಂದಾಗ ಕೆಳಗೆ ಹೊಳೆ ಉಬ್ಬುತ್ತಿತ್ತು. ಏರು ಭರತಿ. ಮಾವ ಒಮ್ಮೆ ನೋಡಿದ. "ಮುಂದೆ ನೋಡಾ" ಎಂದಳು ಅಮ್ಮ ಹಿಂದಿನಿಂದ. ಮುಂದೆ ನೋಡಿದ.

ದೊಡ್ಡಮ್ಮನ ಊರಿನಲ್ಲಿ ರಸ್ತೆ ಮುಗಿದು ಗದ್ದೆಯ ಅಂಚು ಶುರುವಾಗುವಲ್ಲಿ ಕಾರು ನಿಂತಿತು. ಅಲ್ಲಿಂದ ಮನೆ ನಮ್ಮ ಜಗಲಿಯಿಂದ ಗೇಟಿಗೆ ಇರುವುದಕ್ಕಿಂತ ಹೆಚ್ಚೇ ದೂರ. ಅಮ್ಮ ವಾಕರು ಊರಿ ಹೊರಟಳು. ನಡುವೆ ಎರಡು ಸಲ ನಿಂತಳು. ಕೂರಲಿಲ್ಲ. ಮಾವ ಬರಲಿಲ್ಲ, ಕಾರಿಗೆ ತಣ್ಣಗಾಗಬೇಕು ಎಂದು ಅಲ್ಲೇ ಉಳಿದ.

ದೊಡ್ಡಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಸಣ್ಣಗಾಗಿದ್ದಳು. ಅಮ್ಮನನ್ನು ನೋಡಿ ಮರ್ಯಾದೆಯಿಂದ, "ಯಾರ ಮನೆಯವ್ರಾ? ಬಿಸಿಲಲ್ಲಿ ಬಂದ್ರಿ, ಕುಡೂಕೆ ಎಂತ ಬೇಕು?" ಎಂದಳು.

ಅಮ್ಮ, ಸೊಸೆ ತಂದಿಟ್ಟ ಕುರ್ಚಿಯಲ್ಲಿ ಎದುರಿಗೆ ಕೂತಳು. ಉಸಿರು ಹತೋಟಿಗೆ ಬರಲೆಂದು ಕಾದಳು. ಆಮೇಲೆ ಹಾಡಿದಳು:

"ಅಂಚಿನ ಮೇಲೊಂದು ಬೆಳ್ಳಕ್ಕಿ ನಿಂತದೆ,
ಯಾರ ಕಾಯ್ತದೆ ಅಕ್ಕಾ, ಯಾರ ಕಾಯ್ತದೆ?"

ದೊಡ್ಡಮ್ಮ ಅವಳ ಬಾಯನ್ನೇ ನೋಡಿದಳು. ಚೆಂದದ ಹಾಡು ಕೇಳಿದ ಅಪರಿಚಿತಳಂತೆ ನಕ್ಕಳು. ಅಮ್ಮ ಮತ್ತೆ ಹಾಡಿದಳು. ಮೂರನೆಯ ಸಲ ಹಾಡುವಾಗ ದನಿ ಒಡೆಯಿತು. ಸೊಸೆ ಒಳಗೆ ಹೋದಳು. ನಾನು ಅಂಗಳದ ಕಡೆ ತಿರುಗಿದೆ.

ಅಂಗಳದಲ್ಲಿ ಮಾವ ನಿಂತಿದ್ದ. ಕೈಯಲ್ಲಿ ಖಾಲಿ ಕ್ಯಾನು. ಯಾವಾಗ ಬಂದನೋ! ಗಂಟಲು ಸರಿಮಾಡಿಕೊಂಡು, ನಾನು ಎಂದೂ ಕೇಳಿರದ ಒಡಕು ದನಿಯಲ್ಲಿ, ರಾಗ ತಪ್ಪಿಸಿ, ಹಾಡಿಯೇಬಿಟ್ಟ:

"ಬಂಗಡೆ ಮೀನು ಬರಲೆಂದು ಕಾಯ್ತದೆ…"

"ಏ ಹೆಡ್ಡಾ!"

ಕೂಗಿದ್ದು ದೊಡ್ಡಮ್ಮ. ಕಂಬ ಬಿಟ್ಟು ನೆಟ್ಟಗೆ ಕೂತಿದ್ದಳು. "ಗದ್ದೇಲಿ ಬಂಗಡೆ ಎಲ್ಲಿಂದ ಬತ್ತದಾ? ಸಣ್ಣವ ಇದ್ದಾಗಿಂದ ಹೀಂಗೇ, ಒಂದು ಸಾಲು ಸರಿ ಹೇಳೂಕೆ ಬರೂದಿಲ್ಲ ಇವಂಗೆ!" ಎಂದು ಅಮ್ಮನ ಕಡೆ ತಿರುಗಿ, ಅಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟು ಹಾಡಿದಳು:

"ಗೊರಬು ಹೊತ್ತವಳು ಬರಲೆಂದು ಕಾಯ್ತದೆ,
ಸಸಿಯ ಸೂಡಿ ತರಲೆಂದು ಕಾಯ್ತದೆ."

ಅಮ್ಮ ಮುಂದಿನದನ್ನು ಕೇಳಿದಳು. ದೊಡ್ಡಮ್ಮ ಹೇಳಿದಳು. ಕೇಳಿದಳು. ಹೇಳಿದಳು. ಐದು ಪ್ರಶ್ನೆಗಳೋ ಏಳೋ. ಹೆಂಡತಿ ಹನ್ನೊಂದು ಎನ್ನುತ್ತಾಳೆ. ಮಾವ ಕ್ಯಾನಿಗೆ ನೀರು ತುಂಬಿಸಿಕೊಂಡು ಅಂಚಿನ ಮೇಲೆ ಹಿಂತಿರುಗಿ ಹೋದ.

ಮರುವಾರ ಫೋನು ಮಾಡಿದಾಗ ದೊಡ್ಡಮ್ಮನಿಗೆ ನಾವು ಬಂದದ್ದು ನೆನಪಿರಲಿಲ್ಲ. ಅಮ್ಮನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಅಂದು ಕೇಳಿದ ಉತ್ತರಗಳನ್ನು ಈಗ ತಾನೇ ಹೇಳಿಕೊಳ್ಳುತ್ತಾಳೆ, ಅಕ್ಕಿ ಆರಿಸುವಾಗ, ಅಕ್ಕನ ದನಿಯಲ್ಲಿ.

ಮಾವನಿಗೆ ಸರಿಯಾದ ಸಾಲು ಗೊತ್ತಿತ್ತೇ? ಕೈಗೂಸಾಗಿದ್ದಾಗ ಅವನು ನಟ್ಟಿ ಗದ್ದೆಯಲ್ಲೇ ದೊಡ್ಡಮ್ಮನ ಬೆನ್ನಿಗೆ ಅಂಟಿಕೊಂಡು ಬೆಳೆದವನಂತೆ; ಆ ಹಾಡನ್ನು ಸಾವಿರ ಸಲ ಕೇಳಿರಬೇಕು. ಅಥವಾ ನಿಜಕ್ಕೂ ಒಂದು ಸಾಲೂ ಬಾರದವನೇ ಇರಬೇಕು, ಬಾಯಿಗೆ ಬಂದ ಮೀನಿನ ಹೆಸರು ಹೇಳಿರಬೇಕು. ಕೇಳಿದೆ. ರೇಡಿಯೇಟರಿಗೆ ನೀರು ಕೇಳಲು ಬಂದಿದ್ದೆ ಎಂದಷ್ಟೇ ಹೇಳಿದ. ಇನ್ನೊಮ್ಮೆ ಕೇಳಲು ನನಗೆ ಧೈರ್ಯವಾಗಲಿಲ್ಲ.

ಅವನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.